ಜಡಿಮಳೆ ಹಿಡಿದರೆ ಮನೆ ಲೈಟ್ ಟ್ರಿಪ್: ನಿಮ್ಮಲ್ಲಿ ಏನು ಮಾಡಿದಿರಿ?

ಹೊಸನಗರ ಕಡೆಯಿಂದ:
ನಮ್ಮದು ಹಳೇ ಹಂಚಿನ ಮನೆ. ಜಡಿಮಳೆ ಹಿಡಿಯಿತು ಅಂದರೆ ರಾತ್ರಿ ಎರಡು ಮೂರು ಸಲ ಲೈಟ್ ಹೋಗುತ್ತದೆ. ಬೀಳೋದು (ತಾನೇ ಆಫ್ ಆಗೋದು) ಲೋಡ್ ಜಾಸ್ತಿಯಾದರೆ ಒಂದು ಲೈನ್ ಕಡಿಯುವ ಸಣ್ಣ ಸ್ವಿಚ್ಚು ಎಂಸಿಬಿ ಅಲ್ಲ, ಕರೆಂಟು ಸೋರಿದರೆ ಮನೆಯ ಕರೆಂಟನ್ನೇ ಕಡಿಯುವ, ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ. ಲೈಟಿನ ಎಂಸಿಬಿ ಕೆಳಗೆ (ಆಫ್) ಮಾಡಿಟ್ಟರೂ ಅದು ಬೀಳುತ್ತದೆ. ಬಲ್ಬ್ ಎಲ್ಲ ಬದಲಿಸಿ ಆಯಿತು. ಆ ಆರ್‌ಸಿಸಿಬಿಯನ್ನೇ ತೆಗೆಸಿಬಿಡಿ ಅಂತ ಒಬ್ಬರು ಹೇಳುತ್ತಿದ್ದಾರೆ. ಯಾರಿಗಾದರೂ ಹೀಗೆ ಆಗಿದೆಯಾ?

ತೀರ್ಥಹಳ್ಳಿಯಿಂದ:
ತೆಗೆಸಬೇಡಿ ಮಾರಾಯ್ರೆ. ಒದ್ದೆ ಕಾಲಲ್ಲಿ ಬಚ್ಚಲಿನ ಸ್ವಿಚ್ ಮುಟ್ಟುವ ಮನೆಗೆ ಜೀವ ಕಾಯೋದು ಅದೊಂದೇ. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. ಮನೆಗೆ ಹಾಕುವುದು 30 ಮಿಲಿ ಆಂಪಿಯರಿನದ್ದು. ಅಷ್ಟು ಸೋರಿದರೆ ಬೀಳುತ್ತದೆ. ಲೋಡ್ ಜಾಸ್ತಿಯಾದರೆ ಅದು ಬೀಳುವುದೇ ಇಲ್ಲ, ಆ ಕೆಲಸ ಎಂಸಿಬಿಯದ್ದು. ಹಾಗಾಗಿ ಬಲ್ಬ್ ಬದಲಿಸಿದ್ದು ಸುಮ್ನೆ ಖರ್ಚು.

ನಮ್ಮಲ್ಲೂ ಹೀಗೇ ಆಗಿತ್ತು, ಪುಷ್ಯ ಮಳೆಯಲ್ಲಿ. ಫ್ರಿಜ್ ಶುರುವಾದಾಗ ಟಪ್ ಅಂತ ಬೀಳುತ್ತಿತ್ತು. ಒಂದು ವಾರ ಫ್ರಿಜ್ಜನ್ನೇ ಬೈದೆವು. ಕೊನೆಗೆ ಸಿಕ್ಕಿದ್ದು ಬಚ್ಚಲುಮನೆಯ ಸ್ವಿಚ್ ಬೋರ್ಡಿನಲ್ಲಿ. ಮಾಡಿನಿಂದ ಇಳಿದ ಪೈಪಿನೊಳಗೇ ನೀರು ಇಳಿದು ಬಂದಿತ್ತು. ಬೋರ್ಡ್ ಬಿಚ್ಚಿದರೆ ಕಬ್ಬಿಣದ ಡಬ್ಬಿಯಲ್ಲಿ ಎರಡು ಚಮಚ ನೀರು, ಮೂಲೆಯಲ್ಲಿ ಮೊಟ್ಟೆ ಸಮೇತ ಇರುವೆ ಸಂಸಾರ. ನ್ಯೂಟ್ರಲ್ ವೈರಿನ ತಾಮ್ರ ಹಸಿರು ಕಿಲುಬು ಹಿಡಿದು ಡಬ್ಬಿಗೆ ಅಂಟಿಕೊಂಡಿತ್ತು. ಡಬ್ಬಿಗೆ ಅರ್ಥಿಂಗ್ ಇತ್ತಲ್ಲ, ಅಲ್ಲಿಗೆ ಮುಗೀತು.

ಎಂಸಿಬಿ ಕೆಳಗಿದ್ದರೂ ಬೀಳೋದು ಯಾಕೆ ಅಂದರೆ, ಸಿಂಗಲ್ ಪೋಲ್ ಎಂಸಿಬಿ ಕಡಿಯೋದು ಫೇಸನ್ನು ಮಾತ್ರ. ನ್ಯೂಟ್ರಲ್ ಹಾಗೇ ಉಳಿದಿರುತ್ತದೆ. ಫ್ರಿಜ್ಜಿನಿಂದ ವಾಪಸ್ ಬರುವ ಕರೆಂಟಿನಲ್ಲಿ ಸ್ವಲ್ಪ ಆ ಒದ್ದೆ ಜಾಗದಲ್ಲಿ ಭೂಮಿಗೆ ಹೋಗುತ್ತದೆ, ಲೆಕ್ಕ ತಪ್ಪುತ್ತದೆ. ನಿಮ್ಮದೂ ಇದೇ ಅಂತ ನನ್ನ ಅಂದಾಜು.

ಎಲೆಕ್ಟ್ರಿಷಿಯನ್ ಕರೆಸಿ, ಮಳೆ ಸುರಿಯುವಾಗಲೇ ಕರೆಸಿ. ಬಿಸಿಲು ಬಂದ ಮೇಲೆ ಬಂದರೆ ಎಲ್ಲ ಸರಿಯಾಗೇ ಇರುತ್ತದೆ! ಮೇನ್ ಆಫ್ ಮಾಡಿ ಒಂದೊಂದೇ ಲೈನಿನ ನ್ಯೂಟ್ರಲ್ ಬಿಡಿಸಿ ನೋಡಲಿ, ಬಿಡಿಸಿದ ಲೈನಿನ ಎಂಸಿಬಿಯೂ ಕೆಳಗಿರಲಿ. ಯಾವುದು ಬಿಟ್ಟಾಗ ನಿಲ್ಲುತ್ತದೋ ಅದೇ ಕಳ್ಳ. ಮೆಗ್ಗರ್ (ವೈರಿನಿಂದ ಕರೆಂಟು ಸೋರುತ್ತದಾ ಅಂತ ಅಳೆಯುವ ಮೀಟರ್) ಇದ್ದರೆ ಇನ್ನೂ ಒಳ್ಳೆಯದು. 500 ವೋಲ್ಟಿನಲ್ಲಿ ವೈರಿಗೂ ಅರ್ಥಿಂಗಿಗೂ ನಡುವೆ 1 ಮೆಗಾಓಮಿಗಿಂತ ಕಡಿಮೆ ಬಂದರೆ ಆ ಲೈನ್ ಕೆಟ್ಟಿದೆ. ನೀವೇ ಕೈ ಹಾಕಬೇಡಿ.

ಸಾಗರದಿಂದ:
ನಮ್ಮದು ಬೇರೆ ಕತೆ. ಇನ್ವರ್ಟರ್ ಕೂರಿಸಿದ ದಿನವೇ ಶುರು. ಒಂದು ಲೈನಿನ ನ್ಯೂಟ್ರಲ್ಲನ್ನು ಆರ್‌ಸಿಸಿಬಿ ದಾಟದ ನ್ಯೂಟ್ರಲ್ಲಿಗೆ ಕಟ್ಟಿಬಿಟ್ಟಿದ್ದರು. ಮಳೆ ಬಿಸಿಲು ಅಂತಿಲ್ಲ, ಜಗಲಿ ಲೈಟ್ ಹಾಕಿದರೆ ಮನೆಯೆಲ್ಲ ಕತ್ತಲೆ. ನಿಮ್ಮದು ಮಳೆಗೆ ಮಾತ್ರ ಅಂದರೆ ಇದಲ್ಲ.

ಕೊಪ್ಪದಿಂದ:
ಅಟ್ಟವನ್ನೂ ನೋಡಿ. ನಮ್ಮಲ್ಲಿ ಇಲಿ ವೈರಿನ ಸಿಪ್ಪೆ ತಿಂದಿತ್ತು. ಆದರೆ ಬಿದ್ದಿದ್ದು ಎಂಸಿಬಿ. 6 ಆಂಪಿಯರಿನದ್ದು ತೆಗೆದು 16ರದ್ದು ಹಾಕೋಣ ಅಂದವರೂ ಇದ್ದರು. ಲೈಟಿನ ಸಪೂರ ವೈರಿಗೆ ಅಷ್ಟು ದೊಡ್ಡದು ಹಾಕಿದರೆ ಎಂಸಿಬಿಗಿಂತ ಮೊದಲು ವೈರೇ ಸುಡುತ್ತದೆ, ಅಲ್ವಾ?

ಹೊಸನಗರ ಕಡೆಯಿಂದ:
ಎಲ್ಲರಿಂದ ಉಪಕಾರ ಆಯ್ತು. ನಿನ್ನೆ ಮಳೆಯಲ್ಲೇ ಎಲೆಕ್ಟ್ರಿಷಿಯನ್ ಬಂದಿದ್ದರು. ಕೊಟ್ಟಿಗೆ ಲೈನಿನ ನ್ಯೂಟ್ರಲ್ ಬಿಡಿಸಿದ ಮೇಲೆ ರಾತ್ರಿಯಿಡೀ ಬೀಳಲಿಲ್ಲ. ಅಂಗಳ ದಾಟುವ ಕಡೆ ಹಿಂದೆ ಯಾರೋ ವೈರಿಗೆ ಜೋಡಣೆ ಕೊಟ್ಟು ಟೇಪ್ ಸುತ್ತಿದ್ದರು, ಅದು ಹಿಂಡಿದರೆ ನೀರು ಬರುವಷ್ಟು ನೆನೆದಿದೆ. ಹೊಸ ವೈರ್ ಎಳೆಸೋದು ಮಳೆ ಹೊಳವಾದ ಮೇಲೆ. ಅಲ್ಲಿವರೆಗೆ ಹಾಲು ಕರೆಯೋಕೆ ಟಾರ್ಚೇ ಗತಿ.