ಟೀಮು ಒಡೆಯೋ ಮುಂಚೆ ಸ್ವಯಂಸೇವಕರನ್ನ ಕೇಳಬೇಕಾ? ಅನುಭವ ಇದ್ದವರು ಹೇಳ್ರಿ

ಕಲಬುರಗಿ: ನಮ್ಮದು ತೊಗರಿ ಬೆಳೆಗಾರರ ಆ್ಯಪ್. ಪಗಾರದವರು 9 ಮಂದಿ, ಪಗಾರಿಲ್ಲದೆ ಮಾಹಿತಿ ತುಂಬೋರು 40ರ ಮ್ಯಾಲ. ಆಂಡ್ರಾಯ್ಡ್, ಸರ್ವರ್ ಅಂತಿರೋ ಟೀಮು ಒಡದು ರೈತರಿಗೊಂದು, ಮಾಹಿತಿ ತುಂಬೋರಿಗೊಂದು ಮಾಡಬೇಕಂತೀವಿ. ಮೊದಲೇ ಕೇಳೋದಾ, ಮಾಡಿ ಹೇಳೋದಾ?

ಬೀದರ್: ಮೊದಲೇ ಕೇಳ್ರಿ. ನಾವು ಕೇಳಲಿಲ್ಲ, ಇವತ್ತಿಗೂ ಹೊಟ್ಟಿ ಉರೀತದ. 2022ರಾಗ ಅನುವಾದ ನೋಡೋ ಹುಡುಗಿನ್ನ ಬ್ಯಾರೆ ಟೀಮಿಗೆ ಹಾಕಿದ್ವಿ. ಹೊಸಬರು ಬಂದು, ತೊಗರಿ ಗಿಡ ಒಣಗಿಸೋ ‘ನೆಟೆ ರೋಗ’ ಇದ್ದಲ್ಲೆಲ್ಲ ಅದರದೇ ಇನ್ನೊಂದು ಹೆಸರು ‘ಸೊರಗು ರೋಗ’ ಮಾಡಿದ್ರು. ಅದೇ ವರ್ಷ ಕಲಬುರಗಿ ಕಡಿ ಹೊಲಕ್ಕ ಹೊಲಾನೇ ನೆಟೆ ಬಿದ್ದು ಒಣಗ್ತು. ರೈತ ‘ನೆಟೆ’ ಅಂತ ಹುಡುಕಿದ್ರ ಖಾಲಿ ಪುಟ! ಸ್ವಯಂಸೇವಕರು ಮೂರು ಸಲ ಬರದ್ರು, ಅದು ಮುಚ್ಚಿದ ಟೀಮಿನ ಇನ್‌ಬಾಕ್ಸಿಗೇ ಹೋಗ್ತಿತ್ತು. 31 ಮಂದ್ಯಾಗ 6 ಮಂದಿ ಉಳದ್ರು. ಬಿಟ್ಟು ಹೋದವರ ಕೆಲಸ ರೊಕ್ಕ ಕೊಟ್ಟು ಮಾಡಸಾಕ 1,84,000 ಹೋತು. ಅದರಾಗ 40,000 ಬರೇ ಹಳೇ ಶಬ್ದ ವಾಪಸ್ ಕೂಡಸಾಕ.

ಶಹಾಪುರ: ನಾ ಒಪ್ಪಂಗಿಲ್ಲ. ನಾವು ಕೇಳೀವಿ, ಐದು ತಿಂಗಳು ಹೋತು. ಯಾರು ಯಾವ ಟೀಮಿಗೆ ಅನ್ನೋ ನಕ್ಷೆ ಹಾಕಿದ ಮರುದಿನದಿಂದ ಇಬ್ಬರು ಡೆವಲಪರ್‌ಗಳ ಹೆಸರು ಹಿಡಿದೇ ಮಾತು. ಒಬ್ಬಾಕಿ ರಾತ್ರಿ 11ಕ್ಕ ಫೋನ್ ಮಾಡಿ ಅತ್ತಳು, ಮುಂಜಾನೆ ರಾಜೀನಾಮೆ. ನಾಲ್ಕು ವರ್ಷದ ಕೋಡ್ ಆಕಿ ತಲ್ಯಾಗಿತ್ತು. ಪಗಾರದವರ ಕುರ್ಚಿ ಹೊರಗಿನವರ ಮುಂದ ಇಡಬ್ಯಾಡ್ರಿ.

ಬೀದರ್: ಕೇಳಿದ್ದು ತಪ್ಪಲ್ರಿ, ಹೆಸರು ಹಾಕಿದ್ದು ತಪ್ಪು. ಕೆಲಸದ ನಕ್ಷೆ ಇಡಬೇಕಿತ್ತು.

ಶಹಾಪುರ: ಆಕಿ ಅತ್ತದ್ದು ನೀವು ಕೇಳೀರೇನ್ರಿ? ಕೂತಲ್ಲೇ ತೀರ್ಪು ಕೊಡಬ್ಯಾಡ್ರಿ.

ಸೇಡಂ: ಇಬ್ಬರೂ ಸ್ವಲ್ಪ ತಡೀರಿ. ನಾ ವಿಕಿಪೀಡಿಯಾಕ್ಕ ಬರೆಯಾಂವ. 2014ರ ಆಗಸ್ಟಿನಾಗ ಜರ್ಮನ್ ವಿಕಿಪೀಡಿಯಾದವರು ಚಿತ್ರ ದೊಡ್ಡದು ಮಾಡಿ ತೋರಿಸೋ ‘ಮೀಡಿಯಾ ವ್ಯೂವರ್’ ಬ್ಯಾಡ ಅಂದ್ರ, ವಿಕಿಪೀಡಿಯಾ ನಡಸೋ ವಿಕಿಮೀಡಿಯಾ ಫೌಂಡೇಶನ್ ಅಲ್ಲಿನ ನಿರ್ವಾಹಕರೂ ತೆಗೀಲಾರದಂಥ ‘ಸೂಪರ್‌ಪ್ರೊಟೆಕ್ಟ್’ ಬೀಗ ಜಡೀತು. ಬೀಗ ತೆಗದದ್ದು 2015ರ ನವೆಂಬರಿನಾಗ. ಅದೇ ವರ್ಷ ಟೀಮುಗಳನ್ನ ಓದೋರಿಗೊಂದು, ಬರೆಯೋರಿಗೊಂದು ಅಂತ ಮಾಡಿ, ಸ್ವಯಂಸೇವಕರ ಬೇಡಿಕೆಗೇ ‘ಕಮ್ಯುನಿಟಿ ಟೆಕ್’ ಟೀಮು ಇಟ್ರು. ವರ್ಷದ ಕೊನೀಗೆ ಏನೇನು ಬೇಕಂತ ಪಟ್ಟಿ ಕೇಳಿ ಮತ ಹಾಕಿಸಿದ್ರು. ನಮ್ಮ ಮಾತು ಹೋಗೋ ಬಾಗಿಲು ಯಾವುದಂತ ಆಗ ಗೊತ್ತಾತು. ಅಂದಂಗ, ‘ಸೊರಗು’ ಪುಸ್ತಕದ ಶಬ್ದನೇ, ಬೀದರಿನವರು ಹೊಸ ಹುಡುಗರನ್ನ ಯಾಕ ಬೈತೀರಿ?

ಬೀದರ್: ಪುಸ್ತಕ ಮನ್ಯಾಗಿಡ್ರಿ. ಔಷಧ ಅಂಗಡ್ಯಾಗ ಒಣಗಿದ ಗಿಡ ಬೇರು ಸಮೇತ ಕಿತ್ತು ತಂದು ತೋರಿಸಿ, ‘ನೆಟೆ ಬಿದ್ದದ, ಏನರೆ ಕೊಡ್ರಿ’ ಅಂತಾರ. ‘ಸೊರಗು’ ಅಂದ ಒಬ್ಬ ರೈತನ್ನ ತೋರಸ್ರಿ.

ಸೇಡಂ: ನಮ್ಮಪ್ಪನೇ ಅಂತಾರ.