21 ಅಡಿ ಬೋಟಿಗೆ ಎಲೆಕ್ಟ್ರಿಕ್ ಡೌನ್‌ರಿಗ್ಗರ್ ಕೂರಿಸೋದು: ಜಾಗ, ಬೋಲ್ಟು, ವೈರಿಂಗ್

ಮಿಶಿಗನ್_ಗಾಳ:
ನಮಸ್ಕಾರ. ಲೇಕ್ ಮಿಶಿಗನ್‌ನಲ್ಲಿ ಸಾಮನ್ ಟ್ರೋಲಿಂಗ್‌ಗೆ (ಬೋಟು ನಿಧಾನಕ್ಕೆ ಓಡಿಸ್ತಾ ಗಾಳ ಎಳೆಯೋದು) ಎರಡು ಎಲೆಕ್ಟ್ರಿಕ್ ಡೌನ್‌ರಿಗ್ಗರ್ ಕೂರಿಸಬೇಕು, ಅಂದ್ರೆ ತಂತಿಯ ತುದಿಯ ಭಾರದ ಗುಂಡಿನಿಂದ ಗಾಳವನ್ನು ಆಳಕ್ಕೆ ಇಳಿಸೋ ರಾಟೆ. ಬೋಟು 21 ಅಡಿ ಫೈಬರ್‌ಗ್ಲಾಸ್, ಅಗಲ ಎಂಟೂವರೆ ಅಡಿ. ಹಿಂದೆ ದೊಡ್ಡ ಔಟ್‌ಬೋರ್ಡ್, ಅದರ ಎಡಕ್ಕೆ 9.9 ಎಚ್‌ಪಿಯ ಕಿಕ್ಕರ್ (ಚಿಕ್ಕ ಮೋಟಾರ್). ಬೂಮ್ (ಹೊರಕ್ಕೆ ಚಾಚೋ ತೋಳು) 4 ಅಡಿ ಉದ್ದ, ಗುಂಡು 12 ಪೌಂಡು. ಬೇಸ್‌ಗೆ ನಾಲ್ಕು ತೂತು ಇವೆ. ಗನ್ನೆಲ್‌ನ (ಬೋಟಿನ ಪಕ್ಕದ ಮೇಲಂಚು) ಅಡಿಭಾಗ ಲೈನರ್‌ನಿಂದ (ಒಳಗಿನ ಫೈಬರ್ ಹೊದಿಕೆ) ಮುಚ್ಚಿರೋದರಿಂದ ಕೈ ಹೋಗಲ್ಲ. ದಪ್ಪ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹಾಕಿದ್ರೆ ಸಾಕಾಗುತ್ತಾ? ಬೇಸ್ ಎಲ್ಲಿ ಕೂರಬೇಕು? ಬ್ಯಾಟರಿಯಿಂದ ಹಿಂಬದಿಗೆ ಸುಮಾರು 20 ಅಡಿ ಆಗುತ್ತೆ, ಯಾವ ಗೇಜ್ ವೈರ್ ಎಳೀಬೇಕು?

ಲಂಗರಣ್ಣ:
ಸ್ಕ್ರೂ ವಿಚಾರ ಬಿಟ್ಟುಬಿಡಿ ಸರ್. ಗುಂಡಿನ ತೂಕ ನೋಡಿ ಮೋಸಹೋಗಬೇಡಿ, ಲೆಕ್ಕ ಮಾಡಬೇಕಾದ್ದು ಗುಂಡು ತಳದಲ್ಲಿ ಸಿಕ್ಕಿಕೊಂಡಾಗ ಬೀಳೋ ಎಳೆತವನ್ನು. ಬೂಮ್ 120 ಸೆಂ.ಮೀ., ಬೇಸ್‌ನಲ್ಲಿ ಬೋಲ್ಟುಗಳ ನಡುವೆ ಸುಮಾರು 15 ಸೆಂ.ಮೀ. ಅಂದರೆ ಬೂಮಿನ ತುದಿಯ ಎಳೆತದ ಹೆಚ್ಚುಕಮ್ಮಿ ಎಂಟು ಪಟ್ಟು ಒಳಬದಿಯ ಎರಡು ಬೋಲ್ಟುಗಳ ಮೇಲೆ ಬರುತ್ತೆ. ಕ್ಲಚ್ (ಎಳೆತ ಮೀರಿದ್ರೆ ಜಾರಿ ತಂತಿ ಬಿಡೋ ಭಾಗ) 20 ಕೆ.ಜಿ.ಗೆ ಜಾರಿದರೂ ಆ ಜೋಡಿಯನ್ನು ಮೇಲಕ್ಕೆ ಕೀಳೋ ಬಲ 160 ಕೆ.ಜಿ. ಕ್ಲಚ್ ಪೂರ್ತಿ ಬಿಗಿಯಾಗಿದ್ದು 150 ಪೌಂಡಿನ ಸ್ಟೀಲ್ ತಂತಿ ತುಂಡಾಗೋವರೆಗೂ ಹಿಡಿದರೆ 540 ಕೆ.ಜಿ. ದಾಟುತ್ತೆ. ನಾಲ್ಕೈದು ಮಿ.ಮೀ. ಫೈಬರ್‌ನಲ್ಲಿ ಕೂತ ಸ್ಕ್ರೂ ಇದನ್ನು ತಡೆಯಲ್ಲ, ಗನ್ನೆಲ್‌ನ ಒಂದು ತುಂಡನ್ನೂ ಕಿತ್ಕೊಂಡೇ ಬರುತ್ತೆ. ತೂತಿನೊಳಗೆ ಹೋಗಿ ರೆಕ್ಕೆ ಬಿಚ್ಚೋ ಟಾಗಲ್ ಬೋಲ್ಟೂ ಬೇಡ, ಒತ್ತಡ ಎರಡೇ ಗೆರೆಯ ಮೇಲೆ ಬೀಳುತ್ತೆ.

ಕೈ ಹೋಗದಿದ್ರೆ ಲೈನರ್‌ನ ಪಕ್ಕದ ಗೋಡೆಯಲ್ಲಿ ಬೇಸ್ ಬರೋ ಕಡೆ 6 ಇಂಚಿನ ತೂತು ಕೊರೆದು ಇನ್ಸ್‌ಪೆಕ್ಷನ್ ಪ್ಲೇಟ್ ಹಾಕಿ, ನೋಡೋಕೂ ಕೆಟ್ಟದಾಗಿರಲ್ಲ. ಆ ದಾರಿಯಲ್ಲಿ ಒಳಗೆ ಹೋಗೋ ಅಳತೆಗೆ 6 ಮಿ.ಮೀ. ಅಲ್ಯೂಮಿನಿಯಂ ಅಥವಾ ಜಿ10 (ಗ್ಲಾಸ್-ಎಪಾಕ್ಸಿ) ಹಾಳೆಯ ಬ್ಯಾಕಿಂಗ್ ಪ್ಲೇಟ್ ಮಾಡಿ. 6 ಇಂಚಿನ ತೂತಿನಲ್ಲಿ 14 ಸೆಂ.ಮೀ. ಅಗಲದ ಪಟ್ಟಿ ಉದ್ದಕ್ಕೆ ತೂರುತ್ತೆ. ಬೇಸ್ ಅದಕ್ಕಿಂತ ಅಗಲವಾಗಿದ್ರೆ ಎರಡು ಪಟ್ಟಿ ಅಕ್ಕಪಕ್ಕ ಇಡಿ. ಮೂಲೆಗಳನ್ನು ದುಂಡಗೆ ಉಜ್ಜಿ, ಚೂಪು ಮೂಲೆಯಿಂದಲೇ ಜೆಲ್‌ಕೋಟ್ (ಫೈಬರ್ ಮೇಲಿನ ನುಣುಪು ಪದರ) ಸೀಳಲು ಶುರುವಾಗೋದು. ಗನ್ನೆಲ್‌ನ ಒಳಮೈ ಯಾವತ್ತೂ ಸಪಾಟಾಗಿರಲ್ಲ. ಪ್ಲೇಟ್ ಕೂರಿಸೋ ಮುಂಚೆ ಗಟ್ಟಿ ಎಪಾಕ್ಸಿ ಬಳಿದು ಮೇಲಕ್ಕೆ ಒತ್ತಿದ್ರೆ ಉಬ್ಬುತಗ್ಗು ತುಂಬಿಕೊಳ್ಳುತ್ತೆ.

ಡ್ರಿಲ್ ಹಿಡಿಯೋ ಮೊದಲು ಒಳಗಿಂದ ವೈರು, ಪೆಟ್ರೋಲ್ ಪೈಪು ಎಲ್ಲಿ ಹೋಗಿದೆ ಅಂತ ಕೈ ಹಾಕಿ ನೋಡಿ. ಆಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಡ್ರಿಲ್ಲನ್ನು ಮೊದಲು ಉಲ್ಟಾ ತಿರುಗಿಸಿ ಜೆಲ್‌ಕೋಟ್ ಸವೆಸಿ, ನಂತರ ಮುಂದಕ್ಕೆ ಬಿಡಿ. ಬರೋ ಪುಡಿ ಗಮನಿಸಿ. ಬಿಳಿ ಪುಡಿ ಮಾತ್ರ ಬಂದ್ರೆ ಬರೀ ಗ್ಲಾಸು. ಕಂದು ಪುಡಿ ಬಂದ್ರೆ ಮಧ್ಯೆ ಪ್ಲೈವುಡ್ಡೋ ಬಾಲ್ಸಾ ಮರವೋ ಇದೆ, ಅದೇ ಕೋರ್. ಕಪ್ಪಗೆ, ಒದ್ದೆಯಾಗಿ, ಹುಳಿ ವಾಸನೆ ಬಂದ್ರೆ ಕೋರ್ ಕೊಳೆತಿದೆ ಅಂತಲೇ, ಅಲ್ಲಿಗೆ ನಿಲ್ಲಿಸಿ. ಕೊಳೆತ ಕೋರಿನ ಮೇಲೆ ಎಂಥ ಪ್ಲೇಟೂ ನಿಲ್ಲಲ್ಲ.

ಕೋರ್ ಒಣಗಿದ್ದು ಗಟ್ಟಿಯಾಗಿದ್ರೆ, ಬೋಲ್ಟು 8 ಮಿ.ಮೀ. ಆದರೂ ತೂತು 16 ಮಿ.ಮೀ. ಕೊರೆಯಿರಿ. ಕೆಳಗಡೆ ಟೇಪ್ ಹಚ್ಚಿ, ಮೊದಲು ತೆಳು ಎಪಾಕ್ಸಿ ಸವರಿ ಮರ ಕುಡಿಯೋಕೆ ಬಿಡಿ, ನಂತರ ಸಿಲಿಕಾ ಪುಡಿ ಬೆರೆಸಿದ ಗಟ್ಟಿ ಎಪಾಕ್ಸಿ ತುಂಬಿ. ಒಂದು ದಿನ ಬಿಟ್ಟು ಅದರ ಮಧ್ಯೆ 8 ಮಿ.ಮೀ. ತೂತು ಹಾಕಿದ್ರೆ ನೀರು ಕೋರ್ ಮುಟ್ಟೋ ದಾರಿಯೇ ಇರಲ್ಲ, ಬೋಲ್ಟು ಬಿಗಿದಾಗ ಮರ ಅಪ್ಪಚ್ಚಿ ಆಗೋದೂ ಇಲ್ಲ. ಏಪ್ರಿಲ್‌ನಲ್ಲಿ ಶೆಡ್ಡಿನ ಚಳಿಯಲ್ಲಿ ಈ ಕೆಲಸ ಮಾಡೋರು ಡಬ್ಬಿ ಮೇಲಿರೋ ಕನಿಷ್ಠ ಉಷ್ಣಾಂಶ ಓದಿ. ನಿಧಾನದ ಹಾರ್ಡ್‌ನರ್ 10 ಡಿಗ್ರಿ ಕೆಳಗೆ ವಾರವಾದ್ರೂ ಅಂಟಂಟಾಗೇ ಇರುತ್ತೆ.

ತೂತಿನ ಮೇಲಂಚನ್ನು ಕೌಂಟರ್‌ಸಿಂಕ್ ಬಿಟ್‌ನಿಂದ ಸ್ವಲ್ಪ ಬಟ್ಟಲಿನಂತೆ ಮಾಡಿ, ಸೀಲಂಟ್ ಅಲ್ಲಿ ಬಳೆಯ ಹಾಗೆ ಕೂತು ನೀರು ತಡೆಯುತ್ತೆ. 3ಎಂ 4200 ಅಥವಾ ಬ್ಯೂಟೈಲ್ ಟೇಪ್ ಸಾಕು. ಕಾಯಂ ಅಂಟಿಕೊಳ್ಳೋ 5200 ಹಾಕಬೇಡಿ, ಮುಂದೆ ಬೇಸ್ ಕಳಚುವಾಗ ಜೆಲ್‌ಕೋಟೂ ಎದ್ದು ಬರುತ್ತೆ. ಬೋಲ್ಟಿನ ತಲೆಯನ್ನು ಅಲುಗದಂತೆ ಹಿಡಿದು ಕೆಳಗಿನ ನಟ್ಟು ಮಾತ್ರ ತಿರುಗಿಸಿ. 316 ಸ್ಟೇನ್‌ಲೆಸ್ ಬೋಲ್ಟು, ದೊಡ್ಡ ವಾಷರ್, ನೈಲಾಕ್ ನಟ್ಟು, ಬೋಲ್ಟಿನ ಮರೆಗೆ (ಸುರುಳಿ ಗೆರೆ) ಆಂಟಿಸೀಜ್ ಗ್ರೀಸು. ಇಂಪ್ಯಾಕ್ಟ್ ಗನ್ ದೂರ ಇಡಿ, ಸ್ಟೇನ್‌ಲೆಸ್ ಬಿಸಿಯಾಗಿ ಮರೆ ಕಚ್ಚಿಕೊಂಡ್ರೆ ಗರಗಸವೇ ಗತಿ.

ತೆರೆಮೇಲೆ:
ಜಾಗದ ಬಗ್ಗೆ. ಎರಡೇ ಇರೋದರಿಂದ ಟ್ರಾನ್ಸಮ್‌ನಿಂದ (ಬೋಟಿನ ಹಿಂಗೋಡೆ) ಎರಡು, ಎರಡೂವರೆ ಅಡಿ ಮುಂದೆ, ಎರಡೂ ಗನ್ನೆಲ್ ಮೇಲೆ, ಬೂಮ್ ಪಕ್ಕಕ್ಕೆ ನೇರವಾಗಿ ಇರಲಿ. ನಿಮ್ಮ ಅಗಲಕ್ಕೆ ಎರಡು ಗುಂಡಿನ ನಡುವೆ ಸುಮಾರು 16 ಅಡಿ ಸಿಗುತ್ತೆ. ಇನ್ನೂ ಮುಂದಕ್ಕೆ ಹೋದ್ರೆ ತೊಂದರೆ. ಬೇಸಿಗೆಯಲ್ಲಿ ಸಾಮನ್ ತಣ್ಣೀರು ಹುಡುಕಿ ಕೆಳಗಿಳಿದಾಗ 80–100 ಅಡಿ ತಂತಿ ಬಿಡಬೇಕಾಗುತ್ತೆ, ಆಳ ಮತ್ತು ವೇಗ ಹೆಚ್ಚಿದಷ್ಟೂ ಅದು ಹಿಂದಕ್ಕೆ ಬಾಗುತ್ತೆ. ಬೋಟು ಜೋರಾಗಿ ತಿರುಗಿದ್ರೆ ಒಂದು ಬದಿಯ ತಂತಿ ಹಲ್ (ಬೋಟಿನ ಒಡಲು) ಕೆಳಗೆ ನುಸುಳಿ ಪ್ರೊಪೆಲ್ಲರ್ ಕಡೆಗೇ ಹೋಗೋದು.

ಕೊರೆಯೋ ಮುಂಚೆ ಬೇಸ್ ಅನ್ನು ಕ್ಲ್ಯಾಂಪ್‌ನಲ್ಲಿ ಹಿಡಿಸಿ, ಬೂಮ್ ಜೋಡಿಸಿ, ಸ್ವಿವೆಲ್ಲನ್ನು (ಬೇಸಿನ ತಿರುಗೋ ಭಾಗ) ಪೂರ್ತಿ ತಿರುಗಿಸಿ ನೋಡಿ. ಬೂಮ್ ಹಿಂದಕ್ಕೆ ತಿರುಗಿಸಿದಾಗ ನಿಂತಲ್ಲಿಂದಲೇ ರಿಲೀಸ್ ಕ್ಲಿಪ್ (ಗಾಳದ ದಾರವನ್ನು ಹಿಡಿದು ಮೀನು ಕಚ್ಚಿದಾಗ ಬಿಡೋ ಕ್ಲಿಪ್) ಕೈಗೆ ಸಿಗಬೇಕು, ಬಗ್ಗಿ ಹಿಡಿಯೋ ಹಾಗಿದ್ರೆ ಅಲೆ ಇರೋ ದಿನ ನೀವೇ ನೀರಿಗೆ. ಎಡಬದಿಯ ಗುಂಡು ಕಿಕ್ಕರ್‌ಗೆ ಬಡಿಯಬಾರದು. ಕ್ಲೀಟ್ (ಹಗ್ಗ ಕಟ್ಟೋ ಕೊಂಬು), ರಾಡ್ ಹೋಲ್ಡರ್, ಬಿಮಿನಿ (ನೆರಳಿನ ಬಟ್ಟೆ) ಕಂಬ ಯಾವುದೂ ಅಡ್ಡ ಬರಬಾರದು.

ಹೆಚ್ಚಿನ ಗನ್ನೆಲ್ ಹೊರಕ್ಕೆ ಇಳಿಜಾರಾಗಿರುತ್ತೆ. ಹಾಗೇ ಕೂರಿಸಿದ್ರೆ ಬೂಮ್ ತುದಿ ನೀರಿನ ಕಡೆ ಬಾಗಿ, ಸ್ವಿವೆಲ್ಲಿನ ಪಿನ್ ಬಿಗಿಯಾಗಿ ಕಚ್ಚುತ್ತೆ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಲಗೆಯಿಂದ ಬೆಣೆ ಕತ್ತರಿಸಿ ಬೇಸ್ ಮಟ್ಟ ಮಾಡಿ. ಎಚ್‌ಡಿಪಿಇಗೆ ಸೀಲಂಟ್ ಸರಿಯಾಗಿ ಅಂಟಲ್ಲ, ಅಲ್ಲಿ ಬ್ಯೂಟೈಲ್ ಟೇಪೇ ಒಳ್ಳೇದು.

ತಾಮ್ರತಂತಿ:
ವೈರಿಂಗ್ ನಾನು ಹೇಳ್ತೀನಿ. ಲೋಡ್ ಬಂದಾಗ ಒಂದು ಮೋಟಾರ್ 20 ಆಂಪ್ ಎಳೀತು ಅಂತಿಟ್ಕೊಳ್ಳಿ. 20 ಅಡಿ ಅಂದ್ರೆ ಹೋಗಿಬರೋದು 40 ಅಡಿ. ಗೇಜ್ ಅಂಕಿ ಚಿಕ್ಕದಾದಷ್ಟೂ ವೈರ್ ದಪ್ಪ. 10 ಗೇಜ್‌ನಲ್ಲಿ 0.8 ವೋಲ್ಟ್ ದಾರಿಯಲ್ಲೇ ಹೋಗುತ್ತೆ, 8ರಲ್ಲಿ ಅರ್ಧ ವೋಲ್ಟ್, 6ರಲ್ಲಿ 0.3ರ ಆಸುಪಾಸು. ಒಂದೊಂದಕ್ಕೂ ಬೇರೆ ಜೋಡಿ ವೈರ್ ಎಳೆದರೆ 8 ಗೇಜ್ ಸಾಕು. ಎರಡಕ್ಕೂ ಸೇರಿ ಒಂದೇ ಲೈನ್ ಆದ್ರೆ 6ಕ್ಕಿಂತ ತೆಳು ಬೇಡ. ತವರ ಲೇಪನ ಇರೋ ಮೆರೈನ್ ವೈರೇ ತಗೊಳ್ಳಿ.

ಬ್ರೇಕರ್ ಬ್ಯಾಟರಿಯಿಂದ 7 ಇಂಚಿನ ಒಳಗೆ, ಒಂದೊಂದು ಡೌನ್‌ರಿಗ್ಗರ್‌ಗೂ ಬೇರೆ, ಮ್ಯಾನುವಲ್‌ನಲ್ಲಿ ಹೇಳಿದ ಆಂಪ್‌ನದ್ದು, 30 ಸಾಮಾನ್ಯ. ಕೈಯಿಂದ ರಿಸೆಟ್ ಮಾಡೋ ಬಗೆಯದ್ದೇ ಬೇಕು. ತಾನಾಗೇ ರಿಸೆಟ್ ಆಗೋದಾದ್ರೆ, ಸಿಕ್ಕಿದ ತಂತಿ ಬಿಡಿಸ್ತಾ ಬೆರಳು ಸ್ಪೂಲ್ ಹತ್ತಿರ ಇರುವಾಗಲೇ ಮೋಟಾರ್ ಮತ್ತೆ ಓಡಬಹುದು.

ಪ್ಲಗ್ಗಿನ ಸಾಕೆಟ್ಟನ್ನು ಗನ್ನೆಲ್ ಒಳಗೋಡೆಯಲ್ಲಿ ಹಾಕಿ, ಆಕಾಶ ನೋಡೋ ಹಾಗೆ ಬೇಡ. ಮುಗಿದ ಮೇಲೆ ಗುಂಡು ಎತ್ತುವಾಗಲೇ ಸಾಕೆಟ್ಟಿನಲ್ಲಿ ಮೀಟರ್ ಇಡಿ. ಬ್ಯಾಟರಿಯ ವೋಲ್ಟೇಜಿಗಿಂತ 1 ವೋಲ್ಟ್ ಕಮ್ಮಿ ತೋರಿಸಿದ್ರೆ ಯಾವುದೋ ಕ್ರಿಂಪ್ (ವೈರ್ ತುದಿಗೆ ಒತ್ತಿ ಕೂರಿಸಿದ ಜಾಯಿಂಟು) ಸರಿಯಿಲ್ಲ. ಕೈಯಲ್ಲಿ ಮುಟ್ಟಿದ್ರೆ ಬೆಚ್ಚಗಿರೋ ಜಾಯಿಂಟೇ ಕಳ್ಳ.

ಮಿಶಿಗನ್_ಗಾಳ:
ತುಂಬಾ ಉಪಕಾರ. ತೂತು ಕೊರೆಯೋ ಬದಲು ಅಲ್ಯೂಮಿನಿಯಂ ಟ್ರ್ಯಾಕ್ ಹಾಕಿದ್ರೆ ಹೇಗೆ? ಅಥವಾ ಈಗಿರೋ ಸ್ಟೀಲ್ ರೇಲಿಂಗ್‌ಗೆ ಕ್ಲ್ಯಾಂಪ್?

ಲಂಗರಣ್ಣ:
ಟ್ರ್ಯಾಕ್‌ಗೂ ತೂತು ಬೇಕೇ ಬೇಕು ಸರ್, ಇನ್ನೂ ಜಾಸ್ತಿ. ಆದರೆ ಭಾರ ಉದ್ದಕ್ಕೆ ಹಂಚಿಹೋಗುತ್ತೆ, ಬೇಸನ್ನು ಹಿಂದೆಮುಂದೆ ಸರಿಸಬಹುದು, ರಾಡ್ ಹೋಲ್ಡರೂ ಅದರಲ್ಲೇ ಕೂರುತ್ತೆ. 24 ಇಂಚಿನ ಟ್ರ್ಯಾಕ್ ಹಾಕಿ, ಕೆಳಗೆ ಪ್ಲೇಟ್ ಉದ್ದಕ್ಕೂ ಇರಲಿ. ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಮುಟ್ಟೋ ಎಲ್ಲ ಕಡೆ ಟೆಫ್‌ಜೆಲ್ (ತುಕ್ಕು ತಡೆಯೋ ಗ್ರೀಸಿನಂಥದ್ದು) ಹಚ್ಚಿ. ಇಲ್ಲದಿದ್ರೆ ಬಿಳಿ ಪುಡಿ ಕಟ್ಟಿ ಬೋಲ್ಟು ಬೆಸುಗೆ ಹಾಕಿದ ಹಾಗೆ ಕೂರುತ್ತೆ. ರೇಲಿಂಗ್‌ಗೆ 4 ಅಡಿ ಬೂಮ್ ಬೇಡ. ಪೈಪು ತಿರುಚುತ್ತೆ, ಅದರ ಕಾಲಿನ ಸ್ಕ್ರೂಗಳೇ ಮೊದಲು ಸಡಿಲ ಆಗೋದು.

ಯಾವುದು ಹಾಕಿದ್ರೂ ಡೌನ್‌ರಿಗ್ಗರ್‌ನಿಂದ ಕ್ಲೀಟ್‌ಗೆ ಒಂದು ಗಟ್ಟಿ ಹಗ್ಗ ಕಟ್ಟಿರಿ, ತಂತಿ ಕತ್ತರಿಸೋ ಕಟರ್ ಕೈಗೆಟುಕೋ ಕಡೆ ಇರಲಿ.

ಮಲ್ಪೆ_ತೀರ:
ಮಾರಾಯ್ರೇ, ನಮ್ಮ ಕಡೆಯ ಫೈಬರ್ ದೋಣಿಗೆ ಇದು ಆಗ್ತದಾ? ಅಂಜಲ್ ಗಾಳಕ್ಕೆ ಕೆಳಗೆ ಬಿಡ್ಲಿಕ್ಕೆ. ಬ್ಯಾಟರಿ ಇಲ್ಲ.

ತೆರೆಮೇಲೆ:
ಆಗುತ್ತೆ. ಕೈಯಿಂದ ತಿರುಗಿಸೋದು ತಗೊಳ್ಳಿ, ಬೂಮ್ ಎರಡಡಿ ಸಾಕು, ಬೋಲ್ಟುಗಳ ಮೇಲೆ ಬೀಳೋ ಬಲವೂ ಅರ್ಧ ಆಗುತ್ತೆ. ದೋಣಿಯ ಅಂಚು ತೆಳ್ಳಗಿರೋದರಿಂದ ಅಡ್ಡ ಹಲಗೆಗೆ, ಮೇಲೆ ಕೆಳಗೆ ಪ್ಲೇಟ್ ಇಟ್ಟು ಬೋಲ್ಟು ಹಾಕಿ. ಉಪ್ಪುನೀರಾದ್ದರಿಂದ ದಿನಾ ತಂತಿ, ಸ್ಪೂಲು, ಬೇಸ್ ಸಿಹಿನೀರಲ್ಲಿ ತೊಳೀಬೇಕು. ಬಲೆ ಬಿಟ್ಟಿರೋ ಕಡೆ ಗುಂಡು ಇಳಿಸಲೇಬೇಡಿ, ಸಿಕ್ಕಿದ್ರೆ ತಂತಿ ಕತ್ತರಿಸೋದು ಬಿಟ್ಟು ಬೇರೆ ದಾರಿ ಇಲ್ಲ.