ರಿವರ್ಸ್ ಹಾಕಿದರೆ ಕರ್ರ್, ಎರಡನೇ ಗೇರಿಗೆ ಉಜ್ಜಾಟ: ತಪ್ಪು ಕ್ಲಚ್ಚಿನದೋ, ಗೇರ್ ಬಾಕ್ಸಿನದೋ?

ಹಳೇಗಾಲಿ:
1999ರ ಪೆಟ್ರೋಲ್ ಕಾರು, ಫ್ರಂಟ್ ವೀಲ್ ಡ್ರೈವ್, 5 ಗೇರ್, ಹೈಡ್ರಾಲಿಕ್ ಕ್ಲಚ್ (ಕೇಬಲ್ ಬದಲು ಆಯಿಲ್ ಒತ್ತಡದಿಂದ ಕೆಲಸ ಮಾಡುವುದು). 1,70,000 ಕಿ.ಮೀ. ಓಡಿದೆ. ಎಂಜಿನ್ ಆನ್ ಇದ್ದಾಗ ರಿವರ್ಸ್ ಕರ್ರ್ ಅನ್ನದೆ ಬೀಳುವುದಿಲ್ಲ, ನಿಂತಲ್ಲಿ ಫಸ್ಟ್ ಗೇರನ್ನು ಒತ್ತಿ ಹಾಕಬೇಕು. ಓಡುವಾಗ 3, 4, 5 ಸಲೀಸು. 3ರಿಂದ 2ಕ್ಕೆ ಇಳಿಸುವಾಗ ಮಾತ್ರ ಉಜ್ಜುವ ಸದ್ದು, ಬೆಳಗ್ಗೆ ಗಾಡಿ ತಣ್ಣಗಿದ್ದಾಗ ಜಾಸ್ತಿ. ಎಂಜಿನ್ ಆಫ್ ಮಾಡಿದರೆ ಎಲ್ಲಾ ಗೇರೂ ಆರಾಮಾಗಿ ಬೀಳುತ್ತವೆ. ಗೇರ್ ಆಯಿಲ್ ಯಾವಾಗ ಬದಲಿಸಿದ್ದು ಅನ್ನೋದಕ್ಕೆ ದಾಖಲೆ ಇಲ್ಲ. ಬಾಕ್ಸ್ ಇಳಿಸಲೇಬೇಕಾ?

ಹದಿನಾಲ್ಕರ ಸ್ಪ್ಯಾನರ್:
ಸದ್ಯಕ್ಕೆ ಬೇಡ. ಆಫ್ ಇದ್ದಾಗ ಸಲೀಸಾಗಿ ಬೀಳುತ್ತೆ ಅಂದರೆ ಗೇರ್ ಲಿವರ್, ಲಿಂಕೇಜ್, ಬುಷ್ ಮೇಲೆ ಅನುಮಾನ ಪಡಬೇಕಿಲ್ಲ. ಆಫ್ ಇದ್ದಾಗಲೂ ಬಿಗಿಯಾಗಿದ್ದರೆ ಅಲ್ಲಿಂದ ಶುರು ಮಾಡಬೇಕಿತ್ತು. ನಿಮ್ಮದರಲ್ಲಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲ್ ನೆಲಕ್ಕೆ ಒತ್ತಿದರೂ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಸವರಿಕೊಂಡೇ ತಿರುಗುತ್ತಿದೆ, ಹಾಗಾಗಿ ಇನ್‌ಪುಟ್ ಶಾಫ್ಟ್ (ಕ್ಲಚ್ಚಿನಿಂದ ಗೇರ್ ಬಾಕ್ಸಿನೊಳಕ್ಕೆ ಹೋಗುವ ದಂಡ) ನಿಲ್ಲುತ್ತಿಲ್ಲ. ಹಳೇ ಬಾಕ್ಸುಗಳಲ್ಲಿ ರಿವರ್ಸ್‌ಗೆ ಸಾಮಾನ್ಯವಾಗಿ ಸಿಂಕ್ರೊ (ಗೇರ್ ಬೀಳುವ ಮೊದಲು ಗೇರಿನ ಮತ್ತು ಶಾಫ್ಟಿನ ವೇಗ ಸಮ ಮಾಡುವ ರಿಂಗ್) ಇರಲ್ಲ, ಅದಕ್ಕೇ ಮೊದಲು ಕಿರುಚೋದು ಅದೇ.

ಸಮತಟ್ಟಾದ ಜಾಗದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ ಕಡೆ, ಹ್ಯಾಂಡ್ ಬ್ರೇಕ್ ಎಳೆದು ಐಡಲ್‌ನಲ್ಲಿ ಬಿಡಿ. ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿ ಐದರವರೆಗೆ ಎಣಿಸಿ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ನಿಮ್ಮದು ಬರೀ ಅವಸರ, ಶಾಫ್ಟ್ ನಿಲ್ಲೋಕೆ ಸ್ವಲ್ಪ ಸಮಯ ಬೇಕು. ಹತ್ತು ಎಣಿಸಿದ ಮೇಲೂ ಕರ್ರ್ ಅಂದರೆ ಕ್ಲಚ್ಚೇ. ಆಮೇಲೆ ಪೆಡಲನ್ನು 3 ಸಲ ಜಲ್ದಿ ಜಲ್ದಿ ಒತ್ತಿ, ಒತ್ತಿಕೊಂಡೇ ಹಾಕಿ ನೋಡಿ. ಈಗ ಸುಮ್ಮನೆ ಬಿದ್ದರೆ ಲೈನಿನಲ್ಲಿ ಏರ್ ಇದೆ, ಇಲ್ಲವೇ ಮಾಸ್ಟರ್ (ಪೆಡಲ್ ಕಡೆಯ) ಅಥವಾ ಸ್ಲೇವ್ (ಗೇರ್ ಬಾಕ್ಸ್ ಕಡೆಯ) ಸಿಲಿಂಡರಿನ ಸೀಲ್ ಹೋಗಿದೆ. ಕೊನೆಗೊಂದು: ಫಸ್ಟ್ ಗೇರಲ್ಲಿ ಬ್ರೇಕ್ ಮತ್ತು ಕ್ಲಚ್ ಒತ್ತಿ ಅರ್ಧ ನಿಮಿಷ ಹಿಡಿದುಕೊಳ್ಳಿ. ಪೆಡಲ್ ಅಲುಗಿಸದೆಯೇ ಗಾಡಿ ನಿಧಾನಕ್ಕೆ ಮುಂದಕ್ಕೆ ಜಗ್ಗತೊಡಗಿದರೆ ಮಾಸ್ಟರ್ ಒಳಗೊಳಗೇ ಪ್ರೆಶರ್ ಬಿಡುತ್ತಿದೆ. ಹೊರಗೆ ಒಂದು ಹನಿಯೂ ಕಾಣಲ್ಲ.

ಗ್ರೀಸ್ ಕೈ:
ಮೇಲಿನದಕ್ಕೆ ಒಂದು ಸೇರಿಸ್ತೀನಿ. ಎಷ್ಟೋ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಆಯಿಲ್ ಡಬ್ಬಿ, ಕ್ಲಚ್ಚಿನ ಪೈಪ್ ಮಾತ್ರ ಮೇಲ್ಗಡೆಯಿಂದ ಹೊರಡುತ್ತೆ. ಲೆವೆಲ್ ಇಳಿದಾಗ ಬ್ರೇಕ್ ಚೆನ್ನಾಗೇ ಇರುತ್ತೆ, ಕ್ಲಚ್ ಗಾಳಿ ಕುಡಿಯುತ್ತೆ. ಡಬ್ಬಿ ಮೊದಲು ನೋಡಿ. ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಎತ್ತಿ ನೋಡಿ, ಒಳಗೆ ಒಣಗಿರಬೇಕು. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಸ್ಲೇವ್‌ನಿಂದ ಹೊರಬರುವ ಪುಶ್ ರಾಡ್ ಎಷ್ಟು ಮಿ.ಮೀ. ಚಲಿಸುತ್ತೆ ಅಂತ ಸ್ಕೇಲ್ ಇಟ್ಟು ಅಳೆದು ಮ್ಯಾನ್ಯುಯಲ್‌ನ ಅಳತೆಗೆ ಹೋಲಿಸಿ. ರಾಡ್ ಪೂರ್ತಿ ಚಲಿಸಿಯೂ ಕ್ಲಚ್ ಬಿಡದಿದ್ದರೆ ಮಾತ್ರ ಬಾಕ್ಸ್ ಇಳಿಸೋ ಮಾತು: ಸ್ಪ್ಲೈನ್ (ಶಾಫ್ಟಿನ ಉದ್ದುದ್ದ ಹಲ್ಲುಗಳು) ಮೇಲೆ ತುಕ್ಕು ಹಿಡಿದು ಪ್ಲೇಟ್ ಅಂಟಿಕೊಂಡಿರಬಹುದು, ಪ್ಲೇಟ್ ಬಾಗಿರಬಹುದು, ಕ್ಲಚ್ ಬಿಡಿಸುವ ಫೋರ್ಕ್ ಬಿರುಕು ಬಿಟ್ಟಿರಬಹುದು.

ಕೇಬಲ್ ಕ್ಲಚ್ ಇರುವವರು ಇದನ್ನು ಓದುತ್ತಿದ್ದರೆ, ನಿಮಗೆ ಏರ್ ಗೀರ್ ತಲೆನೋವಿಲ್ಲ. ಪೆಡಲ್ ಫ್ರೀ ಪ್ಲೇ (ಬಿಗಿ ಸಿಗುವ ಮೊದಲಿನ ಸಡಿಲ ಚಲನೆ) ನೋಡಿ, ಕೇಬಲ್ ತುದಿಯಲ್ಲಿ ಎಳೆ ಬಿಚ್ಚಿದೆಯಾ ನೋಡಿ.

ತೈಲಧಾರೆ:
ಎರಡನೇ ಗೇರಿನ ಕಥೆ ಬೇರೆ, ಅದನ್ನು ಇದರ ಜೊತೆ ಕಲಸಬೇಡಿ. ಕ್ಲಚ್ ಒಂದೇ ಕಾರಣ ಆಗಿದ್ದರೆ 3, 4ರಲ್ಲೂ ಸ್ವಲ್ಪವಾದರೂ ತಡೆ ಸಿಗಬೇಕಿತ್ತು. ಸಿಗುತ್ತಿಲ್ಲ, ಹಾಗಾಗಿ 2ರ ಸಿಂಕ್ರೊ ರಿಂಗ್ ಸವೆದಿದೆ ಅಂತಲೇ ನನ್ನ ಲೆಕ್ಕ. ಖಾತ್ರಿಗೆ: 3ರಿಂದ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಡಿ, ಆಕ್ಸಿಲರೇಟರ್ ಚೂರು ಒತ್ತಿ, ಮತ್ತೆ ಕ್ಲಚ್ ಒತ್ತಿ 2 ಹಾಕಿ. ಹೀಗೆ ಮಾಡಿದಾಗ ಸದ್ದು ಮಾಯವಾದರೆ ರಿಂಗ್ ಮಾಡಬೇಕಾದ ಕೆಲಸವನ್ನು ನೀವು ಮಾಡಿದ್ದೀರಿ ಅಂತ ಅರ್ಥ. ಆದರೆ ಕ್ಲಚ್ ಸರಿಪಡಿಸಿದ ಮೇಲೆಯೇ ಈ ಪರೀಕ್ಷೆಗೆ ಬೆಲೆ.

ಗೇರ್ ಆಯಿಲ್ ಬದಲಿಸಿ. ತುಂಬುವ ಪ್ಲಗ್ ಬಿಚ್ಚುತ್ತೆ ಅಂತ ಗೊತ್ತಾದ ಮೇಲೆಯೇ ಕೆಳಗಿನ ಡ್ರೈನ್ ಪ್ಲಗ್ ಮುಟ್ಟಿ, ಇಲ್ಲದಿದ್ದರೆ ಖಾಲಿ ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತೆ. ಹಳೇ ಆಯಿಲಿನಲ್ಲಿ ಬಂಗಾರದ ಬಣ್ಣದ ಸಣ್ಣ ಮಿನುಗು ಕಂಡರೆ ಅದು ರಿಂಗಿನ ಹಿತ್ತಾಳೆ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್‌ಗೆ ಉಕ್ಕಿನ ಚೂರು ಅಂಟಿದ್ದರೆ ಓಡಿಸೋದು ನಿಲ್ಲಿಸಿ. ಮ್ಯಾನ್ಯುಯಲ್‌ನಲ್ಲಿ ಜಿಎಲ್-4 (ಗೇರ್ ಆಯಿಲಿನ ಒಂದು ದರ್ಜೆ) ಅಂತಿದ್ದರೆ, ಸಂಖ್ಯೆ ದೊಡ್ಡದು ಅಂತ ಜಿಎಲ್-5 ಸುರಿಯಬೇಡಿ. ಅದರ ಜಾರುಗುಣಕ್ಕೆ ರಿಂಗ್ ಹಿಡಿಯಲ್ಲ, ಕೆಲವು ಜಿಎಲ್-5 ಆಯಿಲುಗಳ ಗಂಧಕದ ಅಂಶ ಹಿತ್ತಾಳೆಯನ್ನೂ ತಿನ್ನುತ್ತೆ.

ಹಳೇಗಾಲಿ:
ಪಂಪ್ ಮಾಡಿದರೆ ರಿವರ್ಸ್ ಸದ್ದಿಲ್ಲದೆ ಬಿತ್ತು. ಅರ್ಧ ನಿಮಿಷ ಹಿಡಿದರೂ ಗಾಡಿ ಜಗ್ಗಲಿಲ್ಲ. ಸ್ಲೇವ್ ಬೂಟ್ ಎತ್ತಿದರೆ ಒಳಗೆ ಕಪ್ಪು ನೀರಿನಂಥ ಆಯಿಲ್.

ಗ್ರೀಸ್ ಕೈ:
ಸ್ಲೇವ್ ಸೀಲ್ ಹೋಗಿದೆ. ಬಿಚ್ಚಿ ಒಳಗೋಡೆಗೆ ಉಗುರು ಆಡಿಸಿ ನೋಡಿ. ಗೀರು, ಗುಳಿ ಸಿಕ್ಕರೆ ಸೀಲ್ ಕಿಟ್ ದಂಡ, ಪೂರ್ತಿ ಸಿಲಿಂಡರೇ ಹಾಕಿ. ಡಬ್ಬಿ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಬ್ರೇಕ್ ಆಯಿಲ್ಲೇ ಹಾಕಿ, ಡಾಟ್ 3 ಅಥವಾ ಡಾಟ್ 4. ಏರ್ ತೆಗೆಯುವಾಗ ನಿಪ್ಪಲ್ (ಸ್ಲೇವ್ ಮೇಲಿನ, ಏರ್ ಹೊರಬಿಡುವ ಸಣ್ಣ ಸ್ಕ್ರೂ) ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು, ನಡುವೆ ಡಬ್ಬಿ ಖಾಲಿಯಾಗಕೂಡದು. ಪೇಂಟ್ ಮೇಲೆ ಚೆಲ್ಲಿದರೆ ಒರೆಸ್ತಾ ಕೂರಬೇಡಿ, ಆಗಲೇ ನೀರು ಸುರಿಯಿರಿ.